ಸರ್ಕಾರೀ ಶಾಲೆ, ಖಾಸಗೀ ಶಾಲೆ: ಗೋಣಿಕೊಪ್ಪಲಿನ ನೆಲೆಯಿಂದ ಒಂದು ಚಾರಿತ್ರಿಕ ಸಮೀಕ್ಷೆ

೧

ಮೈಸೂರಿನಿಂದ ಹುಣಸೂರು, ತಿತಿಮತಿಗಳ ಮಾರ್ಗವಾಗಿ ವಿರಾಜಪೇಟೆಗೆ ಹೋಗುವ ರಸ್ತೆಯಲ್ಲಿ ಗೋಣಿಕೊಪ್ಪಲು ದಕ್ಷಿಣ ಕೊಡಗಿನ ಮುಖ್ಯ ವ್ಯಾಪಾರಸ್ಥಳ. ಕಾಫಿ, ಕರಿಮೆಣಸುಗಳ ವ್ಯವಹಾರಕ್ಕೂ ದಸರಾ ಉತ್ಸವಕ್ಕೂ ಹೆಸರಾದ ಈ ಊರಿನ ಪೇಟೆಬೀದಿಯಲ್ಲಿ ಬೆಳಗ್ಗೆ ಎಂಟೂವರೆ ಗಂಟೆಯ ಹೊತ್ತಿಗೆ ನಿಂತು ನೋಡಿದವರಿಗೆ ಎರಡು ಬಗೆಯ ಮಕ್ಕಳ ಸಾಲು ಕಾಣುತ್ತದೆ. ಹಳದಿ ಬಣ್ಣದ ಶಾಲಾ ಬಸ್ಸುಗಳಲ್ಲಿ, ಕೊರಳಪಟ್ಟಿ ಕಟ್ಟಿಕೊಂಡು, ತೋಟದ ಮನೆಗಳಿಂದಲೂ ಪೇಟೆಯ ಮನೆಗಳಿಂದಲೂ ಬರುವ ಮಕ್ಕಳದು ಒಂದು ಸಾಲು. ಕಾಲುನಡಿಗೆಯಲ್ಲಿ, ಅಥವಾ ಸರ್ಕಾರೀ ಬಸ್ಸಿನಲ್ಲಿ ನಿಂತುಕೊಂಡು, ಲೈನ್‌ಮನೆಗಳಿಂದಲೂ ಕಾಡಂಚಿನ ಹಾಡಿಗಳಿಂದಲೂ ಬರುವ ಮಕ್ಕಳದು ಇನ್ನೊಂದು. ಇವೆರಡು ಸಾಲುಗಳು ಒಂದೇ ರಸ್ತೆಯನ್ನು ದಾಟುತ್ತವೆಯೇ ಹೊರತು ಒಂದೇ ಬಾಗಿಲನ್ನು ಹೊಗುವುದಿಲ್ಲ.

ಮಗುವನ್ನು ಸರ್ಕಾರೀ ಶಾಲೆಗೆ ಸೇರಿಸಬೇಕೋ ಖಾಸಗೀ ಶಾಲೆಗೋ ಎಂಬುದು ಇಂದು ಪ್ರತಿಯೊಂದು ಕುಟುಂಬದಲ್ಲಿಯೂ ಏಳುವ ಪ್ರಶ್ನೆ. ತಂದೆತಾಯಿಗಳು ಇದನ್ನು ಮನೆಯ ಆಯವ್ಯಯದ ಪ್ರಶ್ನೆಯಾಗಿಯೂ, ಶಿಕ್ಷಣವೇತ್ತರು ಬೋಧನಾಕ್ರಮದ ಪ್ರಶ್ನೆಯಾಗಿಯೂ ನೋಡುವುದು ಸಹಜ. ಆದರೆ ಇದು ಚರಿತ್ರೆಯ ಪ್ರಶ್ನೆಯೂ ಹೌದು. ‘ಸರ್ಕಾರೀ’, ‘ಖಾಸಗೀ’ ಎಂಬ ಎರಡು ಮಾತುಗಳ ಅರ್ಥ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಯಾವ ಶಾಲೆ ಯಾರಿಗಾಗಿ ಹುಟ್ಟಿತು, ಯಾರು ಅದನ್ನು ಸೇರಿದರು, ಯಾರು ಯಾವಾಗ ಬಿಟ್ಟುಹೋದರು ಎಂಬುದನ್ನು ಪರಿಶೀಲಿಸದೆ ಇಂದಿನ ಸ್ಥಿತಿಯನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬಂದರೆ, ಕಾರ್ಯವನ್ನೇ ಕಾರಣವೆಂದು ಭ್ರಮಿಸಿದಂತಾಗುತ್ತದೆ. ಪ್ರಕೃತ ಲೇಖನದಲ್ಲಿ ಕೊಡಗಿನ ನಿದರ್ಶನವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸಂಕ್ಷೇಪವಾಗಿ ವಿವೇಚಿಸಲು ಯತ್ನಿಸಿದ್ದೇವೆ.

ಇದಕ್ಕೆ ನಮ್ಮನ್ನು ಪ್ರೇರಿಸಿದ್ದು ನಮಗೆ ಪರಿಚಿತರಾದ ಒಬ್ಬ ನಿವೃತ್ತ ಉಪಾಧ್ಯಾಯರ ಮಾತು. “ನಮ್ಮ ಕಾಲದಲ್ಲಿ ಮೇಷ್ಟ್ರ ಮಗನೂ ಸಾಹುಕಾರರ ಮಗನೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಸಾಹುಕಾರರ ಮಗ ಹೋದದ್ದು ಹೋಗಲಿ, ಈಗ ಮೇಷ್ಟ್ರ ಮಗನೂ ಹೋದ. ಇನ್ನು ಶಾಲೆಯ ಮಾಡು ಸೋರಿದರೆ ಕೇಳುವವರು ಯಾರು, ನೀವೇ ಹೇಳಿ” ಎಂದು ಅವರು ಒಮ್ಮೆ ನಮ್ಮೊಡನೆ ಅಂದರು. ಈ ಮಾತಿನಲ್ಲಿ ಎಷ್ಟು ಸತ್ಯವಿದೆ, ಎಷ್ಟು ಮರೆವಿದೆ ಎಂಬುದನ್ನು ತೂಗಿ ನೋಡುವುದೇ ನಮ್ಮ ಉದ್ದೇಶವೆಂದರೂ ಸಲ್ಲುತ್ತದೆ.

೨

ಮೊದಲು ಹೆಸರಿನ ವಿಚಾರ. ಗೋಣಿಕೊಪ್ಪಲಿನ ಆಸುಪಾಸಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಹೆಸರುಳ್ಳ ಶಾಲೆ ಖಾಸಗಿಯವರದು. ೨೦೧೭-೧೮ರಿಂದೀಚೆಗೆ ರಾಜ್ಯ ಸರ್ಕಾರ ತೆರೆದ ‘ಕರ್ನಾಟಕ ಪಬ್ಲಿಕ್ ಶಾಲೆ’ಗಳಾದರೋ ಸರ್ಕಾರದವು. ‘ಪಬ್ಲಿಕ್’ ಎಂದರೆ ‘ಸಾರ್ವಜನಿಕ’ ಎಂದು ನಿಘಂಟಿನಲ್ಲಿ ಅರ್ಥ ಕಂಡವರಿಗೆ ಇದು ವಿಚಿತ್ರವೆನಿಸಬಹುದು. ಇದರ ಮೂಲ ಇಂಗ್ಲೆಂಡಿನಲ್ಲಿದೆ. ೧೩೮೨ರಲ್ಲಿ ಸ್ಥಾಪಿತವಾದ ವಿಂಚೆಸ್ಟರ್, ೧೪೪೦ರಲ್ಲಿ ಆರನೆಯ ಹೆನ್ರಿ ದೊರೆ ಸ್ಥಾಪಿಸಿದ ಈಟನ್ ಮೊದಲಾದ ಶಾಲೆಗಳು ಆರಂಭದಲ್ಲಿ ಬಡ ವಿದ್ಯಾರ್ಥಿಗಳಿಗೆ ಧರ್ಮಾರ್ಥವಾಗಿ ಏರ್ಪಟ್ಟವು. ಈಟನ್ನಿನ ದತ್ತಿ ಎಪ್ಪತ್ತು ಮಂದಿ ಬಡ ವಿದ್ಯಾರ್ಥಿಗಳಿಗೆಂದು ಮೀಸಲಾಗಿತ್ತು. ಒಂದೇ ಊರಿನ ಅಥವಾ ಒಂದೇ ಪಂಥದ ಮಕ್ಕಳಿಗೆ ಸೀಮಿತವಾಗದೆ ಎಲ್ಲಿಂದ ಬಂದವರಿಗೂ ತೆರೆದಿದ್ದುದರಿಂದ ಇಂಥವು ‘ಪಬ್ಲಿಕ್’ ಎನಿಸಿಕೊಂಡುವು. ಕಾಲಕ್ರಮದಲ್ಲಿ ಶುಲ್ಕ ಕೊಡಬಲ್ಲ ಮನೆತನಗಳ ಮಕ್ಕಳೇ ಅಲ್ಲಿ ತುಂಬಿಕೊಂಡು, ೧೮೬೮ರಲ್ಲಿ ‘ಪಬ್ಲಿಕ್ ಸ್ಕೂಲ್ಸ್ ಆಕ್ಟ್’ ಬರುವ ವೇಳೆಗೆ ಆ ಪದ ಪ್ರತಿಷ್ಠಿತ ಖಾಸಗೀ ಶಾಲೆಗೆ ಪರ್ಯಾಯವಾಗಿತ್ತು. ಹೆಸರು ಹಾಗೆಯೇ ಉಳಿದು, ಒಳಗಿನ ಜನ ಬದಲಾದರು.

ಈ ಪುಟ್ಟ ನಿದರ್ಶನದಿಂದ ಒಂದು ಪಾಠವನ್ನು ಗ್ರಹಿಸಬಹುದು. ಶಾಲೆಯ ಸ್ವರೂಪವನ್ನು ನಿರ್ಧರಿಸುವುದು ಅದರ ಒಡೆತನ ಮಾತ್ರವಲ್ಲ. ಅದರ ಬಾಗಿಲು ಯಾರಿಗೆ ತೆರೆದಿದೆ, ಯಾರ ಕೈಯಲ್ಲಿ ಅದರ ಬಗ್ಗೆ ಮಾತನಾಡುವ ಬಲವಿದೆ ಎಂಬುದೂ ಅಷ್ಟೇ ಮುಖ್ಯ. ಕೊಡಗಿನ ಚರಿತ್ರೆ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ.

೩

ಹಾಲೇರಿ ರಾಜರ ಆಳ್ವಿಕೆಯಲ್ಲಿ ಕೊಡಗಿನ ರಾಜಭಾಷೆ ಕನ್ನಡವಾಗಿತ್ತು. ದೊಡ್ಡವೀರರಾಜೇಂದ್ರನ ಕಾಲದಲ್ಲಿ ರಚಿತವಾದ ‘ರಾಜೇಂದ್ರನಾಮೆ’ ಕನ್ನಡದಲ್ಲಿದೆ. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಇಂಗ್ಲಿಷರು ನಾಡನ್ನು ವಶಪಡಿಸಿಕೊಂಡರು. ಮರುವರ್ಷ, ಎಂದರೆ ೧೮೩೫ರಲ್ಲಿ, ಮೆಕಾಲೆಯ ಟಿಪ್ಪಣಿ ಹೊರಬಿದ್ದು ಆಂಗ್ಲ ವಿದ್ಯೆಯೇ ಸರ್ಕಾರದ ಒಲವೆಂದು ತೀರ್ಮಾನವಾಯಿತು. ಹೀಗೆ ಕೊಡಗಿನಲ್ಲಿ ಹೊಸ ಆಡಳಿತವೂ ಹೊಸ ವಿದ್ಯಾನೀತಿಯೂ ಹೆಚ್ಚುಕಡಮೆ ಒಟ್ಟಿಗೇ ಕಾಲಿಟ್ಟವು. ಕಛೇರಿಗಳಿಗೆ ಬರಹ ಬಲ್ಲವರು ಬೇಕಾಗಿತ್ತು. ಸರ್ಕಾರೀ ಶಾಲೆ ಆ ಅಗತ್ಯದ ಫಲ.

ಸರ್ಕಾರೀ-ಖಾಸಗೀ ಎಂಬ ವಿಭಜನೆಗೆ ನಿಯಮದ ರೂಪ ಬಂದದ್ದು ೧೮೫೪ರ ವುಡ್ಡನ ಆದೇಶಪತ್ರದಿಂದ. ಖಾಸಗಿಯವರೂ ಮಿಷನ್ನಿನವರೂ ನಡೆಸುವ ಶಾಲೆಗಳಿಗೆ ಕೆಲವು ಷರತ್ತುಗಳ ಮೇಲೆ ಸಹಾಯಧನ ಕೊಡುವ ಪದ್ಧತಿ ಅದರಿಂದ ಆರಂಭವಾಯಿತು. ಇಂದು ‘ಅನುದಾನಿತ’ ಎಂದು ಕರೆಯುವ ಮೂರನೆಯ ವರ್ಗದ ಶಾಲೆಗೆ ಮೂಲ ಇದೇ. ೧೮೮೨ರ ಹಂಟರ್ ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಥಮಿಕ ವಿದ್ಯೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಬೇಕೆಂದೂ, ಪ್ರೌಢ ವಿದ್ಯೆಯಿಂದ ಸರ್ಕಾರ ಕ್ರಮೇಣ ಹಿಂದೆಸರಿದು ಖಾಸಗೀ ಪ್ರಯತ್ನಕ್ಕೆ ಎಡೆಗೊಡಬೇಕೆಂದೂ ಶಿಫಾರಸು ಮಾಡಿತು. ಖಾಸಗೀ ಶಾಲೆ ಈಚಿನ ದಶಕಗಳ ಉದಾರೀಕರಣದ ಕೂಸೆಂಬ ಸಾಮಾನ್ಯ ಅಭಿಪ್ರಾಯ ಇದರಿಂದ ಸಡಿಲವಾಗುತ್ತದೆ. ಬ್ರಿಟಿಷ್ ಸರ್ಕಾರ ತನ್ನ ಖರ್ಚನ್ನು ತಗ್ಗಿಸಿಕೊಳ್ಳಲು ಅದನ್ನು ಒಂದೂವರೆ ಶತಮಾನದ ಹಿಂದೆಯೇ ಪೋಷಿಸಿತ್ತು.

ಆದರೆ ಕೊಡಗಿನಂಥ ಸಣ್ಣ ಪ್ರಾಂತದಲ್ಲಿ ಪ್ರತಿಷ್ಠೆಯ ಶಾಲೆ ಸರ್ಕಾರದ್ದಾಗಿಯೇ ಇತ್ತು. ಮಡಿಕೇರಿಯ ಸರ್ಕಾರೀ ಸೆಂಟ್ರಲ್ ಶಾಲೆ ನಾಡಿನ ವಿದ್ಯಾವಂತ ವರ್ಗದ ತವರಾಯಿತು. ೧೮೭೦ರಲ್ಲಿ ಪ್ರಕಟವಾದ ಕೊಡಗಿನ ಪ್ರಸಿದ್ಧ ಕೈಪಿಡಿಯ ಕರ್ತೃ ಜಿ. ರಿಕ್ಟರ್ ಆ ಶಾಲೆಯ ಮುಖ್ಯಸ್ಥನಾಗಿದ್ದವನು. ಪಾದ್ರಿಯೊಬ್ಬನು ಸರ್ಕಾರೀ ಶಾಲೆಯ ಮುಖ್ಯಸ್ಥನಾಗಿದ್ದುದು ಆ ಕಾಲದಲ್ಲಿ ಸರ್ಕಾರ, ಮಿಷನ್ನುಗಳ ನಡುವಣ ಗೆರೆ ಎಷ್ಟು ತೆಳುವಾಗಿತ್ತೆಂಬುದಕ್ಕೆ ಸಾಕ್ಷಿ. ಇಪ್ಪತ್ತನೆಯ ಶತಮಾನದಲ್ಲಿ ಪಂಜೆ ಮಂಗೇಶರಾಯರು ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಕನ್ನಡಿಗರೆಲ್ಲರೂ ಬಲ್ಲ ‘ಹುತ್ತರಿ ಹಾಡು’ ಅವರ ಕೊಡಗಿನ ಸಂಬಂಧದ ಫಲ. ಕನ್ನಡದ ಶಿಶುಸಾಹಿತ್ಯಕ್ಕೆ ಅಡಿಗಲ್ಲಿಟ್ಟ ಲೇಖಕನೊಬ್ಬ ಸರ್ಕಾರೀ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದನೆಂಬ ಸಂಗತಿಯನ್ನು ಇಂದಿನ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು.

ಇದಕ್ಕೆ ಪ್ರತಿಯಾಗಿ ಅಂದಿನ ಖಾಸಗೀ ಪ್ರಯತ್ನ ಯಾರ ಕಡೆಗೆ ತಿರುಗಿತ್ತು? ‘ಮಂಗಳೂರ ಸಮಾಚಾರ’ದ ಸ್ಥಾಪಕ ಹರ್ಮನ್ ಮೋಗ್ಲಿಂಗ್ ಹತ್ತೊಂಬತ್ತನೆಯ ಶತಮಾನದ ಆರನೆಯ ದಶಕದಲ್ಲಿ ಕೊಡಗಿಗೆ ಬಂದು ನೆಲೆಸಿದನು. ಆನಂದಪುರದಲ್ಲಿ ಅವನು ಕಟ್ಟಿದ ಕ್ರೈಸ್ತ ಸಭೆಯಲ್ಲಿ ಹೆಚ್ಚಿನವರು ಭೂಮಿಗೆ ಅಂಟಿಕೊಂಡು ದುಡಿಯುತ್ತಿದ್ದ ಹೊಲೆಯ ಜನಾಂಗದವರು. ಎಲ್ಲಿ ನೆಲೆಯೂರಿದರೂ ಪ್ರಾರ್ಥನಾಮಂದಿರದ ಜೊತೆಗೆ ಶಾಲೆಯನ್ನು ತೆರೆಯುವುದು ಬಾಸೆಲ್ ಮಿಷನ್ನಿನ ಪದ್ಧತಿ. ಮತಪ್ರಚಾರ ಅದರ ಮುಖ್ಯ ಗುರಿಯಾಗಿತ್ತೆಂಬುದು ನಿರ್ವಿವಾದ. ಆದರೂ ಒಂದು ಸಂಗತಿ ಉಳಿಯುತ್ತದೆ: ಹತ್ತೊಂಬತ್ತನೆಯ ಶತಮಾನದ ಕೊಡಗಿನಲ್ಲಿ ಸರ್ಕಾರೀ ಶಾಲೆ ಉಳ್ಳವರ ಕಡೆಗೂ, ಮಿಷನ್ನಿನ ಖಾಸಗೀ ಪ್ರಯತ್ನ ಇಲ್ಲದವರ ಕಡೆಗೂ ಮುಖಮಾಡಿದ್ದವು. ಇಂದಿನ ಚಿತ್ರ ಇದರ ತಲೆಕೆಳಗು.

೪

ಈ ಪಲ್ಲಟ ಹೇಗೆ ಆಯಿತೆಂಬುದನ್ನು ತಿಳಿಯಲು ಕೊಡಗಿನ ಇಬ್ಬರು ಪ್ರಸಿದ್ಧ ಸೇನಾನಿಗಳ ಬಾಲ್ಯವನ್ನು ಹೋಲಿಸಿ ನೋಡಬಹುದು. ಇಬ್ಬರೂ ಕೊಡಂದೇರ ಮನೆತನಕ್ಕೆ ಸೇರಿದವರು. ಕೆ. ಎಂ. ಕಾರಿಯಪ್ಪನವರು ೧೮೯೯ರಲ್ಲಿ ಹುಟ್ಟಿದರು. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿದ್ದವರು. ಕಾರಿಯಪ್ಪನವರು ಮಡಿಕೇರಿಯ ಸೆಂಟ್ರಲ್ ಪ್ರೌಢಶಾಲೆಯಲ್ಲಿ ಕಲಿತು, ೧೯೧೭ರಲ್ಲಿ ಅಲ್ಲಿನ ವ್ಯಾಸಂಗ ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಕೆ. ಎಸ್. ತಿಮ್ಮಯ್ಯನವರು ೧೯೦೬ರಲ್ಲಿ ಮಡಿಕೇರಿಯಲ್ಲಿ, ಕಾಫಿ ತೋಟಗಾರರ ಮನೆಯಲ್ಲಿ ಜನಿಸಿದರು. ಅವರನ್ನು ಸಣ್ಣ ವಯಸ್ಸಿನಲ್ಲಿಯೇ ಕೂನೂರಿನ ಸೇಂಟ್ ಜೋಸೆಫ್ ಶಾಲೆಗೂ, ಬಳಿಕ ೧೮೬೫ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೂ ಕಳುಹಿಸಿದರು. ಕಾರಿಯಪ್ಪನವರು ೧೯೪೯ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ತಿಮ್ಮಯ್ಯನವರು ೧೯೫೭ರಿಂದ ೧೯೬೧ರ ವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಸರ್ಕಾರೀ ಶಾಲೆಯಲ್ಲಿ ಕಲಿತವರೂ ಖಾಸಗೀ ಶಾಲೆಯಲ್ಲಿ ಕಲಿತವರೂ ಒಂದೇ ಶಿಖರವನ್ನು ಮುಟ್ಟಿದರೆಂದು ಹೇಳಿ ಸಮಾಧಾನಪಟ್ಟುಕೊಳ್ಳುವುದು ನಮ್ಮ ಉದ್ದೇಶವಲ್ಲ. ಇಬ್ಬರು ಅಸಾಧಾರಣ ವ್ಯಕ್ತಿಗಳ ಜೀವನದಿಂದ ಸಾಮಾನ್ಯ ನಿಯಮವನ್ನು ಎಳೆಯುವುದು ಚರಿತ್ರಕಾರನಿಗೆ ಸಲ್ಲದು. ಇಲ್ಲಿ ಗಮನಿಸಬೇಕಾದುದು ಬೇರೆ. ಏಳು ವರ್ಷಗಳ ಅಂತರದಲ್ಲಿ ಹುಟ್ಟಿದ, ಒಂದೇ ಮನೆತನದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ನಾಡಿನ ಸರ್ಕಾರೀ ಶಾಲೆ ಸಾಕೆನಿಸಿತು. ಇನ್ನೊಬ್ಬನಿಗೆ ಘಟ್ಟದಾಚೆಯ ಖಾಸಗೀ ವಸತಿಶಾಲೆ ಬೇಕೆನಿಸಿತು. ಮಡಿಕೇರಿಯ ಶಾಲೆ ಆ ಏಳು ವರ್ಷಗಳಲ್ಲಿ ಕೆಟ್ಟುಹೋಗಿತ್ತೆನ್ನಲು ಆಧಾರವಿಲ್ಲ. ಭೇದವಿದ್ದುದು ಮನೆಯ ವೃತ್ತಿಯಲ್ಲಿ ಎಂದು ಊಹಿಸುವುದು ಯುಕ್ತ. ೧೮೫೪ರಲ್ಲಿ ಫೌಲರ್ ಎಂಬ ಇಂಗ್ಲಿಷನು ಮಡಿಕೇರಿಯ ಬಳಿ ಮೊದಲ ಐರೋಪ್ಯ ಕಾಫಿ ತೋಟವನ್ನು ತೆರೆದಂದಿನಿಂದ ಕೊಡಗಿನಲ್ಲಿ ತೋಟಗಾರರ ಹೊಸದೊಂದು ವರ್ಗ ರೂಪುಗೊಂಡಿತ್ತು. ಕಂದಾಯ ಇಲಾಖೆಯ ಅಧಿಕಾರಿಯ ಲೋಕ ಮಡಿಕೇರಿಯಲ್ಲಿ ಕೇಂದ್ರೀಕೃತವಾಗಿತ್ತು. ತೋಟಗಾರನ ಲೋಕ ಮದರಾಸು, ಬೆಂಗಳೂರು, ನೀಲಗಿರಿ, ಲಂಡನ್ನುಗಳ ವರೆಗೆ ಹಬ್ಬಿತ್ತು. ಶಾಲೆಯ ಆಯ್ಕೆ ಈ ಲೋಕಗಳನ್ನು ಅನುಸರಿಸಿತು.

ಹೀಗೆ ಖಾಸಗೀ ಶಾಲೆಯ ಕಡೆಗಿನ ವಲಸೆ ಆರಂಭವಾದದ್ದು ಸರ್ಕಾರೀ ಶಾಲೆಯ ಪತನದಿಂದಲ್ಲ, ಉಳ್ಳವರ ದೃಷ್ಟಿ ದೂರಕ್ಕೆ ಹರಿದುದರಿಂದ. ಪತನ ತರುವಾಯ ಬಂತು. ವಲಸೆಯೂ ಅದಕ್ಕೆ ಒಂದು ಕಾರಣವಾಯಿತು.

೫

ಇನ್ನು ಆ ನಿವೃತ್ತ ಉಪಾಧ್ಯಾಯರ ಬೆಂಚಿನ ವಿಚಾರ. ಮೇಷ್ಟ್ರ ಮಗನೂ ಸಾಹುಕಾರರ ಮಗನೂ ಒಂದೇ ಬೆಂಚಿನಲ್ಲಿ ಕುಳಿತರೆಂಬುದನ್ನು ನಾವು ನಂಬುತ್ತೇವೆ. ಆದರೆ ಅದೇ ತೋಟದಲ್ಲಿ ಕಳೆ ಕೀಳುತ್ತಿದ್ದ ಯರವರ ಮಗ ಆ ಬೆಂಚಿನಲ್ಲಿದ್ದನೆ? ಯರವರು, ಪಣಿಯರು ಮೊದಲಾದವರು ತಲೆತಲಾಂತರದಿಂದ ಜಮೀನಿಗೂ ಒಡೆಯನಿಗೂ ಕಟ್ಟುಬಿದ್ದವರು. ೧೮೪೩ರ ಕಾನೂನು ಗುಲಾಮಗಿರಿಗಿದ್ದ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತು. ಆದರೆ ಸಾಲದ ಹೆಸರಿನಲ್ಲಿ ಜೀತ ಮುಂದುವರಿದು, ಅದನ್ನು ನಿಷೇಧಿಸಲು ೧೯೭೬ರಲ್ಲಿ ಮತ್ತೊಂದು ಶಾಸನವೇ ಬೇಕಾಯಿತು. ಹೀಗಿರಲಾಗಿ, ‘ಎಲ್ಲರೂ ಒಂದೇ ಬೆಂಚು’ ಎಂದು ನಾವು ನೆನೆಯುವ ಹಳೆಯ ಸರ್ಕಾರೀ ಶಾಲೆಯಲ್ಲಿ ‘ಎಲ್ಲರೂ’ ಇರಲಿಲ್ಲ. ಲೈನ್‌ಮನೆಯ ಮತ್ತು ಹಾಡಿಯ ಮಕ್ಕಳು ಶಾಲೆಯ ಮೆಟ್ಟಿಲೇರಲು ಆಶ್ರಮಶಾಲೆಗಳೂ, ೨೦೦೨-೦೩ರಲ್ಲಿ ರಾಜ್ಯದಲ್ಲಿ ಆರಂಭವಾಗಿ ಹಂತಹಂತವಾಗಿ ವಿಸ್ತರಿಸಿದ ಮಧ್ಯಾಹ್ನದ ಬಿಸಿಯೂಟವೂ, ಸಮವಸ್ತ್ರ, ಪಠ್ಯಪುಸ್ತಕ, ಬೈಸಿಕಲ್ಲುಗಳ ವಿತರಣೆಯೂ ನೆರವಾದುವು. ೨೦೧೧ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆ ನೂರಕ್ಕೆ ೮೨.೬೧ ಆಗಿ, ರಾಜ್ಯದ ೭೫.೩೬ಕ್ಕಿಂತ ಮೇಲಿದ್ದುದರಲ್ಲಿ ಈ ಸರ್ಕಾರೀ ಶಾಲೆಗಳ ಪಾಲು ಸಣ್ಣದಲ್ಲ.

ಇಲ್ಲಿ ಚರಿತ್ರೆಯ ಕಹಿಯಾದ ವಿಪರ್ಯಾಸವೊಂದು ಕಾಣುತ್ತದೆ. ಸರ್ಕಾರೀ ಶಾಲೆ ನಿಜವಾಗಿಯೂ ಎಲ್ಲರದಾಗುವ ಹೊತ್ತಿಗೆ, ಬಲವುಳ್ಳವರು ಅದನ್ನು ತಮ್ಮದೆನ್ನುವುದನ್ನು ಬಿಟ್ಟಿದ್ದರು. ಯರವರ ಮಗು ಒಳಗೆ ಬಂದಿತು. ತೋಟಗಾರರ ಮಗು, ವ್ಯಾಪಾರಿಯ ಮಗು, ಕಡೆಗೆ ಉಪಾಧ್ಯಾಯರ ಮಗು ಹೊರಗೆ ಹೋದುವು. ಎರಡು ಚಲನೆಗಳೂ ಒಂದೇ ಕಾಲದಲ್ಲಿ ನಡೆದುದರಿಂದ, ಹಿಂದೆ ಒಟ್ಟಿಗಿದ್ದವರು ಈಗ ಬೇರೆಯಾದರೆಂದು ನಮಗೆ ತೋರುತ್ತದೆ. ವಾಸ್ತವವಾಗಿ ಅವರು ಒಟ್ಟಿಗಿದ್ದ ಕಾಲ ಬರಲೇ ಇಲ್ಲ.

ಅದು ಬರಬೇಕೆಂದು ಬಯಸಿದವರು ಇದ್ದರು. ೧೯೬೪ರಲ್ಲಿ ನೇಮಕವಾಗಿ ೧೯೬೬ರಲ್ಲಿ ವರದಿಯೊಪ್ಪಿಸಿದ ಕೊಠಾರಿ ಆಯೋಗ, ಜಾತಿ, ವರಮಾನಗಳ ಭೇದವಿಲ್ಲದೆ ನೆರೆಹೊರೆಯ ಮಕ್ಕಳೆಲ್ಲರೂ ಒಂದೇ ಶಾಲೆಯಲ್ಲಿ ಕಲಿಯುವ ಸಮಾನಶಾಲಾ ಪದ್ಧತಿಯನ್ನು ಸೂಚಿಸಿತು. ರಾಷ್ಟ್ರೀಯ ಆದಾಯದ ನೂರಕ್ಕೆ ಆರರಷ್ಟನ್ನು ವಿದ್ಯೆಗೆ ವೆಚ್ಚಮಾಡಬೇಕೆಂದಿತು. ಸರ್ಕಾರಗಳು ತತ್ತ್ವಶಃ ಒಪ್ಪಿದ ಈ ಸೂಚನೆಗಳು ಆಚರಣೆಗೆ ಬರಲಿಲ್ಲ. ಅದರ ಬದಲಾಗಿ ಸರ್ಕಾರವೇ ಪ್ರವೇಶಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಿಕೊಳ್ಳುವ ವಿಶೇಷ ಶಾಲೆಗಳನ್ನು ಕಟ್ಟಿತು. ಮಡಿಕೇರಿಯ ಬಳಿಯ ಗಾಳಿಬೀಡಿನ ನವೋದಯ ವಿದ್ಯಾಲಯವೂ, ೨೦೦೭ರಲ್ಲಿ ಕೂಡಿಗೆಯಲ್ಲಿ ಆರಂಭವಾದ ಸೈನಿಕ ಶಾಲೆಯೂ ಇಂಥವು. ಇವು ಅನೇಕ ಪ್ರತಿಭಾವಂತರಿಗೆ ದಾರಿ ತೋರಿಸಿವೆ, ಸಂದೇಹವಿಲ್ಲ. ಆದರೆ ಹಾಡಿಯ ಪಕ್ಕದ ಕಿರಿಯ ಪ್ರಾಥಮಿಕ ಶಾಲೆಯೂ ಸೈನಿಕ ಶಾಲೆಯೂ ‘ಸರ್ಕಾರೀ’ ಎಂಬ ಒಂದೇ ಗುಂಪಿಗೆ ಸೇರುವುವಾದರೆ, ಆ ಗುಂಪಿನ ಹೆಸರಿನಿಂದ ಏನನ್ನು ತಿಳಿದಂತಾಯಿತು? ಖಾಸಗೀ ಗುಂಪಿನಲ್ಲಿಯೂ ಇದೇ ತೊಡಕು. ಸಹಾಯಧನ ಪಡೆವ ಹಳೆಯ ಶಾಲೆ, ಸಂಘಸಂಸ್ಥೆಗಳು ಸೇವಾಭಾವದಿಂದ ನಡೆಸುವ ಶಾಲೆ, ವಸತಿಸಹಿತವಾದ ದುಬಾರಿ ಶಾಲೆ, ಬಾಡಿಗೆ ಕಟ್ಟಡದ ಸಣ್ಣ ಶಾಲೆ, ಇವೆಲ್ಲವೂ ಖಾಸಗಿಯೇ.

೬

ಹೋಲಿಕೆಯೇ ಅಸಾಧ್ಯವೆಂದು ನಮ್ಮ ಅಭಿಪ್ರಾಯವಲ್ಲ. ಹೋಲಿಕೆ ನ್ಯಾಯವಾಗಿರಬೇಕು, ಅಷ್ಟೆ. ಎಸ್. ಎಸ್. ಎಲ್. ಸಿ. ಫಲಿತಾಂಶವನ್ನು ಎದುರಿಗಿಟ್ಟುಕೊಂಡು ಒಂದು ಶಾಲೆ ಮೇಲು, ಇನ್ನೊಂದು ಕೀಳು ಎಂದು ಹೇಳುವಾಗ, ಆ ಮಕ್ಕಳು ಎಂಥ ಮನೆಗಳಿಂದ ಬಂದರೆಂಬುದನ್ನು ನಾವು ಕೇಳುವುದಿಲ್ಲ. ಅಮೆರಿಕದಲ್ಲಿ ೧೯೬೬ರಲ್ಲಿ ಹೊರಬಂದ ಜೇಮ್ಸ್ ಕೋಲ್ಮನ್ನನ ಪ್ರಸಿದ್ಧ ವರದಿ, ಮಕ್ಕಳ ಕಲಿಕೆಯಲ್ಲಿನ ವ್ಯತ್ಯಾಸಕ್ಕೆ ಶಾಲೆಯ ಸಲಕರಣೆಗಳಿಗಿಂತ ಕುಟುಂಬದ ಹಿನ್ನೆಲೆ ಹೆಚ್ಚು ಕಾರಣವೆಂದು ತೋರಿಸಿತು. ಅದೇ ಕೋಲ್ಮನ್ ೧೯೮೨ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ ಗ್ರಂಥದಲ್ಲಿ, ಕಥೋಲಿಕ ಶಾಲೆಗಳ ಮಕ್ಕಳು ಸರ್ಕಾರೀ ಶಾಲೆಗಳ ಮಕ್ಕಳಿಗಿಂತ ಮುಂದಿದ್ದಾರೆಂದು ವಾದಿಸಿದನು. ಆ ಮೇಲ್ಮೆ ಶಾಲೆಯದೋ ಮನೆಯದೋ ಎಂಬ ಚರ್ಚೆ ಅಂದಿನಿಂದ ನಡೆದೇ ಇದೆ.

ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ನಡೆದ ಪ್ರಯೋಗ ಇನ್ನೂ ಉಪಯುಕ್ತವಾದುದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ೧೮೦ ಹಳ್ಳಿಗಳಲ್ಲಿ, ಸರ್ಕಾರೀ ಶಾಲೆಯ ಮಕ್ಕಳಲ್ಲಿ ಕೆಲವರನ್ನು ಚೀಟಿಯೆತ್ತಿ ಆರಿಸಿ, ಖಾಸಗೀ ಶಾಲೆಯ ಶುಲ್ಕ ಕೊಡಿಸಿ ಅಲ್ಲಿಗೆ ಸೇರಿಸಿದರು. ಚೀಟಿಯಿಂದ ಆರಿಸಿದುದರಿಂದ ಎರಡು ಗುಂಪಿನ ಮಕ್ಕಳ ಮನೆಯ ಹಿನ್ನೆಲೆ ಸಮಾನವಾಗಿತ್ತು. ೨೦೧೫ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಾಲ್ಕು ವರ್ಷಗಳ ತರುವಾಯ ತೆಲುಗಿನಲ್ಲಿಯೂ ಗಣಿತದಲ್ಲಿಯೂ ಎರಡು ಗುಂಪುಗಳಿಗೆ ಗಣನೀಯ ವ್ಯತ್ಯಾಸವಿರಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗೀ ಶಾಲೆಗೆ ಹೋದವರು ಸ್ಪಷ್ಟವಾಗಿ ಮುಂದಿದ್ದರು. ಆದರೆ ತೆಲುಗು, ಗಣಿತಗಳಿಗೆ ಖಾಸಗೀ ಶಾಲೆಗಳು ಕಡಮೆ ವೇಳೆಯನ್ನು ಕೊಟ್ಟೂ ಅದೇ ಮಟ್ಟವನ್ನು ಸಾಧಿಸಿದ್ದುವು, ಮತ್ತು ಒಂದು ಮಗುವಿಗೆ ಅವು ಮಾಡಿದ ವೆಚ್ಚ ಸರ್ಕಾರೀ ಶಾಲೆಯ ವೆಚ್ಚದ ಮೂರನೆಯ ಒಂದು ಭಾಗಕ್ಕೂ ಕಡಮೆಯಾಗಿತ್ತು. ಸರ್ಕಾರೀ ಶಾಲೆಯ ಪಕ್ಷಪಾತಿಗಳು ಮೊದಲ ಸಂಗತಿಯನ್ನೂ, ಖಾಸಗೀ ಶಾಲೆಯ ಪಕ್ಷಪಾತಿಗಳು ಎರಡನೆಯದನ್ನೂ ಎತ್ತಿ ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿಯುವುದೇ ಪ್ರಾಮಾಣಿಕವಾದ ಮಾರ್ಗ.

ವೆಚ್ಚ ಕಡಮೆಯಾಗಲು ಮುಖ್ಯ ಕಾರಣ ಉಪಾಧ್ಯಾಯರ ಅಲ್ಪ ವೇತನ. ಇದು ಕಾಲೇಜಿನ ಅಧ್ಯಾಪಕರಾದ ನಮಗೆ ದೂರದ ಸಂಗತಿಯಲ್ಲ. ನಮ್ಮಲ್ಲಿ ಪದವಿ ಪಡೆದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಸರ್ಕಾರೀ ನೇಮಕಾತಿಗೆ ಕಾಯುತ್ತ, ಸಣ್ಣ ಸಂಬಳಕ್ಕೆ ಖಾಸಗೀ ಶಾಲೆಗಳಲ್ಲಿ ದುಡಿಯುತ್ತಿದ್ದಾರೆ. ಖಾಸಗೀ ಶಾಲೆಯ ದಕ್ಷತೆಯೆಂದು ನಾವು ಮೆಚ್ಚುವುದರಲ್ಲಿ ಒಂದು ಭಾಗ ಇವರ ತ್ಯಾಗ. ಸರ್ಕಾರೀ ಶಾಲೆಯ ಉಪಾಧ್ಯಾಯರಿಗೆ ವೇತನವಿದೆ. ಆದರೆ ಒಬ್ಬರೇ ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂಡಿಸಿ ಪಾಠ ಹೇಳುವ ಸಣ್ಣ ಶಾಲೆಗಳಲ್ಲಿ, ಗಣತಿಯಿಂದ ಚುನಾವಣೆಯ ವರೆಗೆ ಇತರ ಕೆಲಸಗಳ ನಡುವೆ, ಬೋಧನೆಗೆ ಉಳಿಯುವ ವೇಳೆ ಎಷ್ಟು?

ಭಾಷೆಯ ಪ್ರಶ್ನೆಯನ್ನೂ ಇಲ್ಲಿ ಸೇರಿಸಬೇಕು. ಖಾಸಗೀ ಶಾಲೆಯನ್ನು ಆರಿಸುವ ಬಹುಪಾಲು ಮಂದಿ ವಾಸ್ತವವಾಗಿ ಆರಿಸುವುದು ಆಂಗ್ಲ ಮಾಧ್ಯಮವನ್ನು. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವಿರಬೇಕೆಂಬ ಕರ್ನಾಟಕ ಸರ್ಕಾರದ ೧೯೯೪ರ ಆದೇಶವನ್ನು ಖಾಸಗೀ ಶಾಲೆಗಳ ಮೇಲೆ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ತೀರ್ಪಿತ್ತಿತು. ೨೦೧೯-೨೦ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರೀ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಕೊಡಗಿನಲ್ಲಿ ಈ ಪ್ರಶ್ನೆ ಬೇರೆಡೆಗಿಂತ ಜಟಿಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಯರವರ ನುಡಿ, ಕುರುಬರ ನುಡಿಗಳನ್ನಾಡುವ ಮಕ್ಕಳಿಗೆ ಶಾಲೆಯ ಕನ್ನಡವೂ ಒಂದು ಮಟ್ಟಿಗೆ ಕಲಿತುಕೊಳ್ಳಬೇಕಾದ ಭಾಷೆಯೇ. ಆದರೆ ಒಂದು ವ್ಯತ್ಯಾಸವುಂಟು. ಕನ್ನಡವನ್ನು ಆ ಮಗು ಸಂತೆಯಲ್ಲಿ, ಬಸ್ಸಿನಲ್ಲಿ, ಆಟದಲ್ಲಿ ಕೇಳುತ್ತದೆ. ಆಂಗ್ಲ ಭಾಷೆಯನ್ನು ಕೇಳಲು ಅದಕ್ಕೆ ಬೇರೆಯೇ ಬಗೆಯ ಮನೆ ಬೇಕು. ಆದುದರಿಂದ ಮಾಧ್ಯಮದ ಆಯ್ಕೆಯಲ್ಲಿಯೂ ಮನೆಯ ಹಿನ್ನೆಲೆಯೇ ಮತ್ತೆ ತಲೆಯೆತ್ತುತ್ತದೆ.

೭

ಕಾನೂನು ಎರಡು ಸಾಲುಗಳನ್ನು ಒಂದು ಬಾಗಿಲಿಗೆ ತರಲು ಒಮ್ಮೆ ಯತ್ನಿಸಿತು. ೨೦೦೨ರ ಸಂವಿಧಾನದ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಂತೆ, ಸಹಾಯಧನವಿಲ್ಲದ ಖಾಸಗೀ ಶಾಲೆಗಳು ಆರಂಭದ ತರಗತಿಯ ನೂರಕ್ಕೆ ೨೫ ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕಾಯಿತು. ಸರ್ವೋಚ್ಚ ನ್ಯಾಯಾಲಯ ೨೦೧೨ರಲ್ಲಿ ಇದನ್ನು ಎತ್ತಿಹಿಡಿಯಿತು. ಆದರೆ ಇದರಿಂದ ಸರ್ಕಾರೀ ಶಾಲೆಗಳು ಬರಿದಾಗುತ್ತಿವೆಯೆಂದೂ, ಸರ್ಕಾರದ ಹಣ ಖಾಸಗಿಯವರ ಪಾಲಾಗುತ್ತಿದೆಯೆಂದೂ ಕರ್ನಾಟಕದಲ್ಲಿ ಆಕ್ಷೇಪವೆದ್ದಿತು. ೨೦೧೮ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ನಿಯಮವನ್ನು ತಿದ್ದಿ, ನೆರೆಹೊರೆಯಲ್ಲಿ ಸರ್ಕಾರೀ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗೀ ಶಾಲೆಗೆ ಈ ಹೊಣೆಯಿಲ್ಲವೆಂದು ಗೊತ್ತುಮಾಡಿತು. ಆಕ್ಷೇಪದಲ್ಲಿ ಹುರುಳಿತ್ತು. ಆದರೂ ಫಲವೇನಾಯಿತೆಂಬುದನ್ನು ಹೇಳಲೇಬೇಕು: ಬಡವರ ಮಗುವಿನ ಮುಂದೆ ಖಾಸಗೀ ಶಾಲೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿತು, ಉಳ್ಳವರ ಮಗು ಸರ್ಕಾರೀ ಶಾಲೆಗೆ ಹಿಂದಿರುಗಲಿಲ್ಲ.

ಇಷ್ಟರಿಂದ ನಾವು ತಲಪುವ ಅ‌ಭಿಪ್ರಾಯವನ್ನು ಸಂಗ್ರಹವಾಗಿ ಹೇಳುತ್ತೇವೆ. ಒಂದನೆಯದಾಗಿ, ಸರ್ಕಾರೀ ಶಾಲೆ ಸ್ವಭಾವತಃ ಕೀಳಲ್ಲ, ಖಾಸಗೀ ಶಾಲೆ ಸ್ವಭಾವತಃ ಮೇಲಲ್ಲ. ಕೊಡಗಿನಲ್ಲಿಯೇ ಅವುಗಳ ಸ್ಥಾನ ಒಂದು ಶತಮಾನದಲ್ಲಿ ಅದಲುಬದಲಾದುದು ಇದಕ್ಕೆ ಪ್ರಮಾಣ. ಎರಡನೆಯದಾಗಿ, ಹಳೆಯ ಸರ್ಕಾರೀ ಶಾಲೆಯ ಹಿರಿಮೆಗೆ ಕಾರಣ ಸರ್ಕಾರದ ಒಡೆತನವೊಂದೇ ಅಲ್ಲ, ಮಾತು ನಡೆಯುವ ಜನರ ಮಕ್ಕಳು ಅಲ್ಲಿದ್ದುದು. ಮೂರನೆಯದಾಗಿ, ಯಾವ ತಂದೆತಾಯಿಯನ್ನೂ ತಮ್ಮ ಮಗುವಿಗೆ ಒಳ್ಳೆಯದನ್ನು ಬಯಸಿದ ಕಾರಣಕ್ಕೆ ದೂಷಿಸುವುದು ನ್ಯಾಯವಲ್ಲ. ಆದರೆ ಒಬ್ಬೊಬ್ಬರ ವಿವೇಕದ ಆಯ್ಕೆಗಳೆಲ್ಲ ಕೂಡಿ ಊರಿನ ಅವಿವೇಕವಾಗಬಲ್ಲವು. ಗೋಣಿಕೊಪ್ಪಲಿನ ಒಬ್ಬ ತಂದೆ ಕೇಳಬೇಕಾದ ಪ್ರಶ್ನೆ ‘ಸರ್ಕಾರಿಯೋ ಖಾಸಗಿಯೋ’ ಎಂಬುದಲ್ಲ. ಈ ಶಾಲೆಯಲ್ಲಿ ಉಪಾಧ್ಯಾಯರು ಎಷ್ಟು ವರ್ಷ ನಿಲ್ಲುತ್ತಾರೆ, ಮಗು ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬಲ್ಲುದೆ, ಹಿಂದುಳಿದ ಮಗುವನ್ನು ಇಲ್ಲಿ ಏನು ಮಾಡುತ್ತಾರೆ ಎಂಬಿವನ್ನು ಎರಡು ಬಗೆಯ ಶಾಲೆಗಳಲ್ಲಿಯೂ ಒಂದೇ ದನಿಯಲ್ಲಿ ಕೇಳಬೇಕು.

ಕಡೆಯದಾಗಿ ನಮ್ಮ ಸಹೋದ್ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ಒಂದು ವಿಜ್ಞಾಪನೆ. ಪ್ರತಿಯೊಂದು ಹಳೆಯ ಪ್ರಾಥಮಿಕ ಶಾಲೆಯಲ್ಲಿಯೂ ದಾಖಲಾತಿ ಪುಸ್ತಕವೊಂದಿರುತ್ತದೆ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು, ಜಾತಿ, ಸೇರಿದ ದಿನ, ಬಿಟ್ಟ ದಿನ ಮೊದಲಾದ ವಿವರಗಳು ಅದರಲ್ಲಿರುತ್ತವೆ. ಯಾವ ವರ್ಷ ಯಾವ ಮನೆಯ ಮಕ್ಕಳು ಬರುವುದು ನಿಂತಿತು, ಯಾವ ವರ್ಷ ಹಾಡಿಯಿಂದ ಮೊದಲ ಹೆಣ್ಣುಮಗು ಬಂದಿತು ಎಂಬುದನ್ನು ಅದರ ಹಳದಿಯಾದ ಪುಟಗಳು ಯಾವ ಆಯೋಗದ ವರದಿಗಿಂತಲೂ ಖಚಿತವಾಗಿ ಹೇಳಬಲ್ಲವು. ಮೇಲೆ ನಾವು ಊಹೆಯಾಗಿ ಮುಂದಿಟ್ಟ ಎಷ್ಟೋ ವಿಷಯಗಳನ್ನು ಅವುಗಳಿಂದ ಸಮರ್ಥಿಸಬಹುದು, ಇಲ್ಲವೆ ತಳ್ಳಿಹಾಕಬಹುದು. ಮಕ್ಕಳ ಸಂಖ್ಯೆ ಕುಗ್ಗಿ ಒಂದು ಶಾಲೆಯನ್ನು ಮುಚ್ಚುವಾಗ ಅಥವಾ ಇನ್ನೊಂದರಲ್ಲಿ ವಿಲೀನಗೊಳಿಸುವಾಗ ಬೆಂಚು, ಕಪಾಟುಗಳಿಗೆ ಲೆಕ್ಕವಿಡುತ್ತಾರೆ. ಈ ಪುಸ್ತಕಗಳು ಗೆದ್ದಲಿಗೂ ಮಳೆಗೂ ಎರವಾಗದಂತೆ ನೋಡಿಕೊಳ್ಳುವ ಕೆಲಸ ನಮ್ಮದಾಗಬೇಕು. ಕೊಡಗಿನ ಮಳೆಗಾಲ ಕಾಗದಕ್ಕೆ ದಯೆ ತೋರಿಸುವುದಿಲ್ಲ.

ಶಾಲೆಯ ಮಾಡು ಸೋರಿದರೆ ಕೇಳುವವರು ಯಾರು ಎಂಬ ಆ ಹಿರಿಯರ ಪ್ರಶ್ನೆಗೆ ನಮ್ಮಲ್ಲಿ ಪೂರ್ಣವಾದ ಉತ್ತರವಿಲ್ಲ. ಆದರೆ ಅದನ್ನು ಕೇಳಲು ನಮ್ಮ ಮಗು ಅದೇ ಮಾಡಿನ ಕೆಳಗೆ ಕುಳಿತಿರಲೇಬೇಕೆಂಬ ನಿಯಮವನ್ನು ಮುರಿಯುವುದರಿಂದ ಉತ್ತರ ಆರಂಭವಾಗಬಹುದೆಂದು ನಾವು ನಂಬುತ್ತೇವೆ.